ಗುಡ್ಡ ಹತ್ತುವುದೋ, ಸುತ್ತುವುದೋ?

ಪ್ರಶ್ನೆ: ಓರಿಯೆಂಟೀರಿಂಗ್‌ನಲ್ಲಿ (ನಕ್ಷೆ, ಕಂಪಾಸ್ ಹಿಡಿದು ದಾರಿ ಹುಡುಕುತ್ತಾ ಓಡುವ ಆಟ) ಎರಡು ಕಂಟ್ರೋಲ್‌ಗಳ (ನಕ್ಷೆಯಲ್ಲಿ ಗುರುತಿಸಿದ, ಮುಟ್ಟಬೇಕಾದ ಜಾಗಗಳು) ನಡುವೆ ಗುಡ್ಡ ಅಡ್ಡ ಬಂದರೆ ನೇರ ಹತ್ತಬೇಕೇ, ಕಾಲುದಾರಿ ಹಿಡಿದು ಸುತ್ತಬೇಕೇ?

ಉತ್ತರ: ಲೆಕ್ಕ ಹಾಕಿ ನೋಡಿ. 10 ಮೀಟರ್ ಏರು ಸುಮಾರು 100 ಮೀಟರ್ ಸಮತಟ್ಟು ಓಟಕ್ಕೆ ಸಮ ಎಂಬುದು ರೂಢಿಯ ಅಂದಾಜು. 1:10,000 ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ 100 ಮೀಟರ್. ಎತ್ತರದ ಗೆರೆಗಳ ಅಂತರ ಸಾಮಾನ್ಯವಾಗಿ 5 ಮೀಟರ್. ನೇರ ದಾರಿ 6 ಸೆಂ.ಮೀ. ಇದ್ದು ಆರು ಗೆರೆ, ಅಂದರೆ 30 ಮೀಟರ್ ಏರಬೇಕಾದರೆ 600 ಮತ್ತು 300, ಒಟ್ಟು 900 ಮೀಟರ್‌ನ ಶ್ರಮ. ಸಮತಟ್ಟಾದ ಸುತ್ತುದಾರಿ 850 ಮೀಟರ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ಹಿಡಿಯಿರಿ. ನಡುವೆ ನಕ್ಷೆಯಲ್ಲಿ ಕಡು ಹಸಿರು ಬಣ್ಣ (ದಟ್ಟ ಪೊದೆ) ಇದ್ದರೆ ಈ ಲೆಕ್ಕವೂ ಬೇಡ. ಆ ಪೊದೆಯಲ್ಲಿ ನಡೆಯುವುದೇ ಕಷ್ಟ. ಬಿಳಿ ಬಣ್ಣವೆಂದರೆ ಸರಾಗವಾಗಿ ಓಡಬಹುದಾದ ಕಾಡು.

ಆದರೆ ಹೆಚ್ಚಿನವರು ಸಮಯ ಕಳೆದುಕೊಳ್ಳುವುದು ಕೊನೆಯ ನೂರು ಮೀಟರ್‌ನಲ್ಲಿ. ಹಾಗಾಗಿ ದಾರಿಯನ್ನು ಕಂಟ್ರೋಲ್‌ನಿಂದ ಹಿಂದಕ್ಕೆ ಓದಿ: ಅದರ ಹತ್ತಿರ ತಪ್ಪದೆ ಸಿಗುವ ಕವಲುದಾರಿಯೋ ಬಂಡೆಯೋ ಯಾವುದು? ಅಲ್ಲಿಯವರೆಗೆ ವೇಗ, ಮುಂದೆ ಕಂಪಾಸ್ ಮತ್ತು ಹೆಜ್ಜೆ ಎಣಿಕೆ.

ಪ್ರಶ್ನೆ: ಕಂಟ್ರೋಲ್ ತೊರೆಯ ಮೇಲಿತ್ತು. ತೊರೆ ಸಿಕ್ಕಿತು, ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ.

ಉತ್ತರ: ನೇರ ಗುರಿಯಿಟ್ಟದ್ದೇ ತೊಡಕು. ಬೇಕೆಂದೇ 30–40 ಮೀಟರ್ ಎಡಕ್ಕೆ ಗುರಿಯಿಡಿ. ತೊರೆ ಮುಟ್ಟಿದೊಡನೆ ಬಲಕ್ಕೆ ತಿರುಗಿ.