ಕಿಲೋ ಲೆಕ್ಕ ಸರಿಯಿದ್ದರೂ ಅಂಗಿಗಳು ಏಕೆ ಕಡಿಮೆಯಾದವು?

ಪ್ರಶ್ನೆ: ನಾವು ಸಣ್ಣ ಹೊಲಿಗೆ ಘಟಕವೊಂದನ್ನು ನಡೆಸುತ್ತಿದ್ದೇವೆ. ಸಾವಿರ ಟಿ-ಶರ್ಟುಗಳಿಗೆಂದು 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಹತ್ತಿಯ ಸಿಂಗಲ್ ಜೆರ್ಸಿ, ಅಂದರೆ ಕುಣಿಕೆಗಳಿಂದ ಹೆಣೆದ ತೆಳು ನಿಟ್ ಬಟ್ಟೆಯನ್ನು 240 ಕಿಲೋ ತರಿಸಿದೆವು. ರೋಲು ಬಂದ ಕೂಡಲೇ ದುಂಡು ಕಟ್ಟರಿನಿಂದ ಒಂದು ತುಂಡು ತೆಗೆದು ತೂಗಿದಾಗ 1.8 ಗ್ರಾಂ ಬಂತು. ಒಟ್ಟು ತೂಕವೂ ಸರಿಯಾಗಿತ್ತು. ಬಟ್ಟೆಯನ್ನು ಒಂದು ದಿನ ಬಿಚ್ಚಿಟ್ಟು ಮರುದಿನ ಕತ್ತರಿಸಿದರೆ ಸುಮಾರು 950 ಅಂಗಿಗಳಷ್ಟೇ ಸಿಕ್ಕವು. ವೇಸ್ಟೇಜ್ ನಾವು ಹಿಡಿದಿದ್ದ ಶೇ 10ಕ್ಕಿಂತ ಹೆಚ್ಚಾಗಿಲ್ಲವೆಂದು ಕಟಿಂಗ್ ಮಾಸ್ಟರ್ ಹೇಳುತ್ತಾರೆ. ಅಂಗಿಯ ಉದ್ದ 70, ತೋಳು 22, ಎದೆಯ ಅಗಲ 54 ಸೆಂಟಿಮೀಟರ್. ತಪ್ಪಿದ್ದು ಎಲ್ಲಿ?

ಉತ್ತರ: ಕಟಿಂಗ್ ಮಾಸ್ಟರ್ ಹೇಳಿದ್ದು ನಿಜವೇ ಇರಬೇಕು. ನೀವು ಕೊಟ್ಟಿರುವ ಅಂಕಿಗಳನ್ನೇ ಮತ್ತೊಮ್ಮೆ ಕೂಡಿ ನೋಡೋಣ. ಉದ್ದ 70, ತೋಳು 22, ಹೊಲಿಗೆಗೂ ಕೆಳಮಡಿಕೆಗೂ 12 ಸೇರಿದರೆ 104. ಅಗಲ 54ಕ್ಕೆ ಹೊಲಿಗೆಯ ಬಾಬ್ತು 4 ಸೇರಿದರೆ 58. ಇವೆರಡನ್ನು ಗುಣಿಸಿ, ಮುಂದು ಹಿಂದಿನ ಎರಡು ಭಾಗಗಳಿಗಾಗಿ ಇಮ್ಮಡಿಸಿದರೆ 12,064 ಚದರ ಸೆಂಟಿಮೀಟರ್, ಅಂದರೆ 1.2064 ಚದರ ಮೀಟರ್ ಆಗುತ್ತದೆ. ಇದಕ್ಕೆ ಶೇ 10 ವೇಸ್ಟೇಜ್ ಸೇರಿಸಿದರೆ 1.327 ಚದರ ಮೀಟರ್. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕವಾದ್ದರಿಂದ, 180ರಿಂದ ಗುಣಿಸಿದಾಗ ಅಂಗಿಯೊಂದಕ್ಕೆ 239 ಗ್ರಾಂ ಬೀಳುತ್ತದೆ; 240 ಕಿಲೋಗೆ 1,004 ಅಂಗಿಗಳು ಬರಬೇಕು. ಇದೇ ಲೆಕ್ಕದಲ್ಲಿ 180ರ ಜಾಗಕ್ಕೆ 190 ಹಾಕಿ ನೋಡಿದರೆ ಅಂಗಿಯೊಂದಕ್ಕೆ 252 ಗ್ರಾಂ, 240 ಕಿಲೋಗೆ 951 ಅಂಗಿಗಳು. ನಿಮ್ಮ ಮೇಜಿನ ಮೇಲೆ ಕತ್ತರಿಗೆ ಸಿಕ್ಕಿದ ಬಟ್ಟೆ 190ರದು ಎಂಬುದರಲ್ಲಿ ನನಗೆ ಹೆಚ್ಚಿನ ಅನುಮಾನವಿಲ್ಲ. ಕೊರಳಿನ ರಿಬ್ ಪಟ್ಟಿಯನ್ನು ನೀವು ಬೇರೆಯಾಗಿ ತರಿಸಿದ್ದೀರೆಂದು ಭಾವಿಸಿದ್ದೇನೆ. ಅದನ್ನು ಈ ಲೆಕ್ಕದಲ್ಲಿ ಸೇರಿಸಲು ಮರೆಯುವವರು ಬಹಳ ಮಂದಿ.

ಹಾಗಾದರೆ ತಕ್ಕಡಿ 1.8 ಎಂದದ್ದು ಹೇಗೆ? ದುಂಡು ಕಟ್ಟರು ಕತ್ತರಿಸುವ ತುಂಡಿನ ವ್ಯಾಸ 11.28 ಸೆಂಟಿಮೀಟರ್, ವಿಸ್ತೀರ್ಣ ಸರಿಯಾಗಿ 100 ಚದರ ಸೆಂಟಿಮೀಟರ್. ಅದು ಚದರ ಮೀಟರಿನ ನೂರನೆಯ ಒಂದು ಪಾಲು; ಆದ್ದರಿಂದಲೇ ಗ್ರಾಂ ತೂಕವನ್ನು 100ರಿಂದ ಗುಣಿಸಿದರೆ ಜಿಎಸ್‌ಎಂ ಸಿಗುತ್ತದೆ. ಆದರೆ ಗುಣಿಸುವಾಗ ತೂಕದ ಜೊತೆಗೆ ತಕ್ಕಡಿಯ ಒರಟುತನವೂ ನೂರು ಪಟ್ಟಾಗುತ್ತದೆ. ದಶಮಾಂಶದ ಒಂದೇ ಸ್ಥಾನ ತೋರಿಸುವ ತಕ್ಕಡಿಗೆ 1.76 ಗ್ರಾಮೂ 1.84 ಗ್ರಾಮೂ ಒಂದೇ, ಎರಡಕ್ಕೂ ಅದು 1.8 ಎನ್ನುತ್ತದೆ, ಅಂದರೆ 176ರ ಬಟ್ಟೆ, 184ರ ಬಟ್ಟೆ ಅದರ ಕಣ್ಣಿಗೆ ಬೇರೆಬೇರೆಯಲ್ಲ. ಈ ಕೆಲಸಕ್ಕೆ ಕನಿಷ್ಠ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಅದು ಕೈಗೆ ಬರುವವರೆಗೆ ಹತ್ತು ತುಂಡುಗಳನ್ನು ಕತ್ತರಿಸಿ ಒಟ್ಟಿಗೆ ತೂಗಿರಿ: 18.4 ಗ್ರಾಂ ಬಂದರೆ ಅದನ್ನು 10ರಿಂದ ಗುಣಿಸಿ 184 ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.

ಉಳಿದ ಅಂತರಕ್ಕೆ ಕಾರಣ, ನೀವು ಬಟ್ಟೆಯನ್ನು ಒಂದು ದಿನ ಬಿಚ್ಚಿಟ್ಟದ್ದು. ಅದು ತಪ್ಪಲ್ಲ, ಮಾಡಲೇಬೇಕಾದ ಕೆಲಸ. ನಿಟ್ ಬಟ್ಟೆಯನ್ನು ರೋಲಿಗೆ ಸುತ್ತುವಾಗ ಎಳೆದು ಸುತ್ತಿರುತ್ತಾರೆ. ಬಿಚ್ಚಿ ಹರಡಿದಾಗ ಕುಣಿಕೆಗಳು ಮೆಲ್ಲಗೆ ತಮ್ಮ ಜಾಗಕ್ಕೆ ಮರಳುತ್ತವೆ, ಉದ್ದಗಲಗಳು ಕುಗ್ಗುತ್ತವೆ, ತೂಕ ಮಾತ್ರ ಹಾಗೆಯೇ ಉಳಿಯುತ್ತದೆ. ಉದ್ದದಲ್ಲಿ ಶೇ 2, ಅಗಲದಲ್ಲಿ ಶೇ 1ರಷ್ಟು ಕುಗ್ಗಿದರೂ ಸಾಕು, 184ನ್ನು 0.98ರಿಂದಲೂ 0.99ರಿಂದಲೂ ಭಾಗಿಸಿದಾಗ 190ರ ಹತ್ತಿರ ಬಂದು ನಿಲ್ಲುತ್ತದೆ. ನೀವು ಅಳೆದದ್ದು ಬಿಗಿದಿದ್ದ ಬಟ್ಟೆಯನ್ನು, ಕತ್ತರಿಸಿದ್ದು ಸಡಿಲಿಸಿದ ಬಟ್ಟೆಯನ್ನು. ಮುಂದಿನ ಸಲ ಸಡಿಲಿಸಿದ ಮೇಲೆಯೇ ಅಳೆಯಿರಿ, ಮತ್ತು ರೋಲಿನ ತುದಿಯನ್ನೂ ಎರಡು ಅಂಚುಗಳನ್ನೂ ಬಿಟ್ಟು, ಅಗಲದ ಉದ್ದಕ್ಕೂ ಓರೆಯಾಗಿ ಐದು ಜಾಗಗಳಿಂದ ತುಂಡು ತೆಗೆದು ಸರಾಸರಿ ನೋಡಿ. ಕಟ್ಟರಿನ ಬ್ಲೇಡು ಮೊಂಡಾಗಿದ್ದರೆ ಬಟ್ಟೆ ಎಳೆದುಕೊಂಡು ತುಂಡಿನ ಅಳತೆಯೇ ಬದಲಾಗುತ್ತದೆ. ವ್ಯಾಸದಲ್ಲಿ 1 ಮಿಲಿಮೀಟರ್ ಕಡಿಮೆಯಾದರೂ 180ರ ಬಟ್ಟೆ ಸುಮಾರು 177 ಎಂದು ತೋರಿಸುತ್ತದೆ.

ಹತ್ತಿ ಗಾಳಿಯ ತೇವವನ್ನು ಹೀರುವುದರಿಂದ ಮಳೆಯ ದಿನದ ತೂಕವೂ ಒಣ ದಿನದ ತೂಕವೂ ಒಂದಾಗಿರುವುದಿಲ್ಲ. ಒಣ ಹತ್ತಿಯ ತೂಕದ ಶೇ 7ರಷ್ಟಿದ್ದ ತೇವ ಶೇ 9ಕ್ಕೆ ಏರಿದರೆ 180ರ ಬಟ್ಟೆ 183 ದಾಟುತ್ತದೆ. ಪಾಲಿಯೆಸ್ಟರಿಗೆ ಈ ತೊಂದರೆ ಇಲ್ಲವೆಂದೇ ಹೇಳಬಹುದು. ಪ್ರಯೋಗಾಲಯಗಳು ಐಎಸ್‌ಒ 139 ಮಾನದಂಡದಂತೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 65 ಆರ್ದ್ರತೆಯಲ್ಲಿ ಬಟ್ಟೆಯನ್ನು ಇಟ್ಟು ಆಮೇಲೆ ತೂಗುವುದು ಈ ಕಾರಣಕ್ಕೆ. ಸಣ್ಣ ಘಟಕಕ್ಕೆ ಅಂಥ ಕೋಣೆಯ ಅಗತ್ಯವಿಲ್ಲ, ಆದರೆ ವಿವಾದ ಹುಟ್ಟಿದಾಗ ಎರಡೂ ಕಡೆಯವರು ಒಂದೇ ಸ್ಥಿತಿಯಲ್ಲಿ ಅಳೆದಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಇನ್ನೊಂದು ಮಾತು. ಖರೀದಿ ಪತ್ರದಲ್ಲಿ ಶೇ 5 ಹೆಚ್ಚುಕಡಿಮೆಗೆ ಒಪ್ಪಿಗೆ ಎಂದು ಬರೆಯುವ ರೂಢಿಯಿದೆ. 180ಕ್ಕೆ ಅದು 171ರಿಂದ 189ರವರೆಗಿನ ಅವಕಾಶ. ಇದು ಎರಡೂ ಕಡೆಗೆ ಸಮನಾಗಿ ಕಂಡರೂ, ಕಿಲೋ ಲೆಕ್ಕದಲ್ಲಿ ಕೊಳ್ಳುವವರಿಗೆ ಮೇಲಿನ ಅರ್ಧವೆಲ್ಲ ನಷ್ಟವೇ. ಸಡಿಲಿಸಿದ ನಂತರದ ಜಿಎಸ್‌ಎಂ 185 ಮೀರಬಾರದು ಎಂದು ಬರೆಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಜಾಣತನ.

ಪ್ರಶ್ನೆ: ಮೀಟರ್ ಲೆಕ್ಕವನ್ನು ಕಿಲೋ ಲೆಕ್ಕಕ್ಕೆ ತರುವುದು ಹೇಗೆ?

ಉತ್ತರ: ಜಿಎಸ್‌ಎಂ ಅನ್ನು ಮೀಟರಿನಲ್ಲಿ ಹೇಳಿದ ಅಗಲದಿಂದ ಗುಣಿಸಿದರೆ ಒಂದು ಮೀಟರ್ ಉದ್ದದ ತೂಕ ಬರುತ್ತದೆ. 180ರ ಬಟ್ಟೆಯ ಅಗಲ 1.80 ಮೀಟರ್ ಇದ್ದರೆ ಮೀಟರಿಗೆ 324 ಗ್ರಾಂ. 1,000ವನ್ನು 324ರಿಂದ ಭಾಗಿಸಿದರೆ ಕಿಲೋಗೆ 3.09 ಮೀಟರ್. ಕೊಳವೆಯಂತೆ ಹೆಣೆದ ಬಟ್ಟೆಯನ್ನು ಚಪ್ಪಟೆಯಾಗಿಟ್ಟು ಅಳೆದಿದ್ದರೆ ಆ ಅಗಲವನ್ನು ಇಮ್ಮಡಿಸಲು ಮರೆಯಬೇಡಿ.

ಪ್ರಶ್ನೆ: ನೇಯ್ದ ಶರ್ಟ್ ಬಟ್ಟೆಯ ನೂಲಿನ ಕೌಂಟ್ (ಸಂಖ್ಯೆ ಹೆಚ್ಚಿದಷ್ಟೂ ನೂಲು ತೆಳುವೆಂದು ಹೇಳುವ ಅಳತೆ) ಮತ್ತು ಎಳೆಗಳ ಸಂಖ್ಯೆ ಗೊತ್ತಿದ್ದರೆ, ಕತ್ತರಿಸದೆಯೇ ಜಿಎಸ್‌ಎಂ ತಿಳಿಯಬಹುದೇ?

ಉತ್ತರ: ಹತ್ತಿರದ ಅಂದಾಜು ಸಾಧ್ಯ. ಇಂಚಿಗಿರುವ ಹಾಸಿನ ಎಳೆಗಳನ್ನು ಹಾಸಿನ ಕೌಂಟ್‌ನಿಂದಲೂ, ಹೊಕ್ಕಿನ ಎಳೆಗಳನ್ನು ಹೊಕ್ಕಿನ ಕೌಂಟ್‌ನಿಂದಲೂ ಭಾಗಿಸಿ, ಎರಡನ್ನೂ ಕೂಡಿ, 23.25ರಿಂದ ಗುಣಿಸಿರಿ. ಒಂದನೇ ಕೌಂಟಿನ ನೂಲು ಸಾವಿರ ಮೀಟರಿಗೆ 590.5 ಗ್ರಾಂ ತೂಗುತ್ತದೆ, ಒಂದು ಮೀಟರಿನಲ್ಲಿ 39.37 ಇಂಚುಗಳಿವೆ; ಈ ಎರಡರಿಂದ ಹುಟ್ಟಿದ ಸಂಖ್ಯೆ ಅದು. ಎರಡೂ ಕಡೆ 40 ಕೌಂಟ್, ಇಂಚಿಗೆ ಹಾಸು 100, ಹೊಕ್ಕು 80 ಇದ್ದರೆ 2.5ಕ್ಕೆ 2 ಕೂಡಿ 4.5, ಗುಣಿಸಿದರೆ ಸುಮಾರು 105. ಆದರೆ ನೇಯ್ಗೆಯಲ್ಲಿ ಎಳೆ ನೇರವಾಗಿ ಹೋಗದೆ ಒಂದರ ಮೇಲೊಂದು ಬಳುಕಿ ಸಾಗುವುದರಿಂದ ಬಟ್ಟೆಯ ಉದ್ದಕ್ಕಿಂತ ನೂಲಿನ ಉದ್ದ ಹೆಚ್ಚಾಗಿರುತ್ತದೆ. ಅದಕ್ಕೆ ಶೇ 5 ಸೇರಿಸಿದರೆ 110 ಆಗುತ್ತದೆ. ಗಂಜಿ ಹಾಕಿದ ಬಟ್ಟೆಯಾದರೆ ತೂಕ ಇನ್ನೂ ಹೆಚ್ಚು ಬರುತ್ತದೆ, ಒಗೆದ ಮೇಲೆ ಆ ಪಾಲು ಇಳಿದುಹೋಗುತ್ತದೆ.

ಪ್ರಶ್ನೆ: ಡೆನಿಮ್ ಬಟ್ಟೆಯನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಅದನ್ನು ಜಿಎಸ್‌ಎಂಗೆ ಹೇಗೆ ತಿರುಗಿಸುವುದು?

ಉತ್ತರ: ಅಲ್ಲಿ ಹೇಳುವುದು ಒಂದು ಚದರ ಗಜದ ತೂಕವನ್ನು. 33.9ರಿಂದ ಗುಣಿಸಿರಿ: 10 ಔನ್ಸ್ ಎಂದರೆ 339, 14 ಔನ್ಸ್ ಎಂದರೆ ಸುಮಾರು 475 ಜಿಎಸ್‌ಎಂ. ಆ ಔನ್ಸ್ ಒಗೆಯುವ ಮೊದಲಿನದೋ ನಂತರದ್ದೋ ಎಂದು ಮಾರಾಟಗಾರರನ್ನು ಕೇಳಿ ಬರೆದಿಟ್ಟುಕೊಳ್ಳಿ.