ಮಗಳದು ಹಠವೋ, ಜಾಹೀರಾತಿನ ಪ್ರಭಾವವೋ?

ಪ್ರಶ್ನೆ: ನಾನು ಉದ್ಯೋಗಸ್ಥೆ. ನಾಲ್ಕು ವರ್ಷದ ಮಗಳನ್ನು ಅತ್ತೆಯವರು ನೋಡಿಕೊಳ್ಳುತ್ತಾರೆ. ಊಟ ಮಾಡಿಸುವಾಗ ತಮ್ಮ ಮೊಬೈಲಿನಲ್ಲಿ ಶಿಶುಗೀತೆಗಳ ವಿಡಿಯೊ ಹಾಕಿಕೊಡುತ್ತಾರೆ. ನಡುವೆ ಬರುವ ಜಾಹೀರಾತು ನೋಡಿ ಮಗಳು ದಿನವೂ ಹೊಸ ಆಟಿಕೆಗಾಗಿ ಅಳುತ್ತಾಳೆ. ಈಚೆಗೆ ಭಯಾನಕ ಗೇಮ್ ಒಂದರ ಜಾಹೀರಾತು ಕಂಡ ಮೇಲೆ ಮಲಗಲೂ ಹೆದರುತ್ತಿದ್ದಾಳೆ. 'ಹಠ ಜಾಸ್ತಿಯಾಗಿದೆ, ಎರಡು ಏಟು ಕೊಡು' ಎನ್ನುತ್ತಾರೆ ಪತಿ. ಅತ್ತೆಯವರಿಗೆ ಹೇಳಿದರೆ ಮುನಿಸಿಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಏಟಿನ ಮಾತನ್ನು ಕೈಬಿಡಿ. ನಿಮ್ಮ ಮಗಳದು ಹಠವಲ್ಲ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಕಾರ್ಯಕ್ರಮ ಯಾವುದು, ಜಾಹೀರಾತು ಯಾವುದು ಎಂದು ಬೇರ್ಪಡಿಸಿ ನೋಡುವುದೇ ಕಷ್ಟವೆಂದೂ, ಅದರ ಹಿಂದೆ ಮಾರುವ ಉದ್ದೇಶವಿದೆಯೆಂಬುದು ಏಳೆಂಟು ವರ್ಷದವರೆಗೆ ಸರಿಯಾಗಿ ಅರ್ಥವಾಗುವುದಿಲ್ಲವೆಂದೂ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ 2004ರಲ್ಲೇ ವರದಿ ನೀಡಿದೆ. ಹಾಡುತ್ತಿದ್ದ ಕರಡಿಮರಿಯೂ ಅದರ ಬೆನ್ನಿಗೇ ಕಾಣಿಸಿಕೊಂಡ ಗೊಂಬೆಯೂ ಅವಳ ಪಾಲಿಗೆ ಒಂದೇ ಕಥೆಯ ಪಾತ್ರಗಳು. ಆ ಗೊಂಬೆಗಾಗಿ ಅತ್ತದ್ದಕ್ಕೆ ಹೊಡೆದರೆ, ಏಟು ಏಕೆ ಬಿತ್ತೆಂಬುದೇ ಅವಳಿಗೆ ತಿಳಿಯದು. ಇದನ್ನು ಪತಿಗೆ ಓದಿ ಹೇಳಿ.

ಇನ್ನು ಮೊಬೈಲಿನ ವಿಚಾರ. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಲು ಒಪ್ಪಿದವು. ಅದರ ಬೆನ್ನಿಗೇ, 2020ರ ಆರಂಭದಿಂದ ಯೂಟ್ಯೂಬ್‌ನಲ್ಲಿ 'ಮಕ್ಕಳಿಗಾಗಿ' ಎಂದು ಗುರುತಿಸಿದ ವಿಡಿಯೊಗಳಲ್ಲಿ, ನೋಡುಗರ ಅಭಿರುಚಿಯನ್ನು ಹಿಂಬಾಲಿಸಿ ಬರುವ ಜಾಹೀರಾತುಗಳು ನಿಂತವು. ಆದರೆ ಹಾಗೆ ಗುರುತಿಸದ ವಿಡಿಯೊ ದೊಡ್ಡವರ ಖಾತೆಯಲ್ಲಿ ಓಡುತ್ತಿದ್ದರೆ ಅಲ್ಲಿಗೆ ಬರುವುದು ದೊಡ್ಡವರ ಜಾಹೀರಾತೇ. ನಿಮ್ಮ ಮಗಳನ್ನು ಹೆದರಿಸಿದ್ದು ಬಹುಶಃ ಹೀಗೆ ನುಸುಳಿದ್ದು.

ಆದ್ದರಿಂದ ಅತ್ತೆಯವರನ್ನು ತಿದ್ದಲು ಹೋಗಬೇಡಿ, ಅವರ ಮೊಬೈಲನ್ನು ತಿದ್ದಿ. ಅವರ ಪಕ್ಕದಲ್ಲೇ ಕುಳಿತು ಯೂಟ್ಯೂಬ್‌ನ ಮಕ್ಕಳ ಆ್ಯಪ್ (ಯೂಟ್ಯೂಬ್ ಕಿಡ್ಸ್) ಹಾಕಿಕೊಟ್ಟು, ನೀವು ಒಪ್ಪಿದ ಚಾನೆಲ್‌ಗಳು ಮಾತ್ರ ಕಾಣುವಂತೆ ಮಾಡಿ, ಮುಂದಿನ ವಿಡಿಯೊ ತಾನಾಗಿಯೇ ಶುರುವಾಗದಂತೆ ಆಟೋಪ್ಲೇ ನಿಲ್ಲಿಸಿ. ಯಾವ ಹಾಡು ಇರಲಿ ಎಂದು ಅವರನ್ನೇ ಕೇಳಿ. ದಿನವಿಡೀ ಮಗುವನ್ನು ಸಂಭಾಳಿಸುವವರಿಗೆ ಆ ಮಾತಿನ ಹಕ್ಕಿದೆ, ಮುನಿಸಿಗೂ ಆಗ ಎಡೆ ಇರುವುದಿಲ್ಲ. ಆ ಆ್ಯಪ್‌ನಲ್ಲಿಯೂ ಜಾಹೀರಾತು ಪೂರ್ತಿ ಇಲ್ಲವಾಗುವುದಿಲ್ಲ. ಹಣ ಕೊಟ್ಟು ಚಂದಾದಾರರಾದರೆ ನಡುವೆ ಬರುವ ಜಾಹೀರಾತುಗಳು ನಿಲ್ಲುತ್ತವೆ, ಆದರೆ ಆಟಿಕೆಯ ಪೊಟ್ಟಣ ಬಿಚ್ಚಿ ತೋರಿಸುವ ವಿಡಿಯೊಗಳು ಉಳಿಯುತ್ತವೆ. ನನ್ನ ಮಟ್ಟಿಗೆ ಹೆಚ್ಚು ಕಾಟ ಅವುಗಳದೇ, ಏಕೆಂದರೆ ಅಲ್ಲಿ ಇಡೀ ವಿಡಿಯೊವೇ ಜಾಹೀರಾತಿನ ಕೆಲಸ ಮಾಡುತ್ತದೆ, ದಾಟಿಸಿ ಹೋಗಲು 'ಸ್ಕಿಪ್' ಗುಂಡಿಯೂ ಇರುವುದಿಲ್ಲ. ಅಂಥ ಚಾನೆಲ್‌ಗಳನ್ನು ಒಪ್ಪಿಗೆಯ ಪಟ್ಟಿಗೆ ಸೇರಿಸಲೇಬೇಡಿ.

ಆಟಿಕೆ ಬೇಕೆಂದು ಅತ್ತಾಗ 'ಚೆನ್ನಾಗಿದೆಯಲ್ಲ, ನಿನಗೂ ಇಷ್ಟವಾಯಿತಾ' ಎಂದು ಒಪ್ಪಿಕೊಂಡು, ಕೊಳ್ಳುವುದಿಲ್ಲವೆಂಬುದನ್ನು ಶಾಂತವಾಗಿ ಹೇಳಿ. ಒಂದು ದಿನ ಕೊಡಿಸಿ ಮರುದಿನ ಬೈದರೆ ಅಳು ಹೆಚ್ಚುತ್ತದೆ. ಭಯಕ್ಕೆ 'ಅದೆಲ್ಲ ಸುಳ್ಳು' ಎಂದರೆ ಸಾಲದು. ಅವಳು ಕಂಡದ್ದನ್ನು ಅವಳ ಬಾಯಿಂದಲೇ ಹೇಳಿಸಿ, ಸದ್ಯಕ್ಕೆ ಪಕ್ಕದಲ್ಲೇ ಮಲಗಿಸಿಕೊಳ್ಳಿ. ಕೆಲವು ವಾರಗಳಾದರೂ ನಿದ್ರೆ ಸರಿಹೋಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ.