ಬಲಗೈಯಲ್ಲಿ 11ಕ್ಕಿಂತ ಹೆಚ್ಚು ಮಚ್ಚೆ ಇದ್ದರೆ ಹೆಂಗಸರಿಗೆ ಚರ್ಮದ ಕ್ಯಾನ್ಸರ್ ಬರುತ್ತಾ?

ಬಲಗೈಯಲ್ಲಿ 14 ಮಚ್ಚೆ ಎಣಿಸಿ ನಿದ್ದೆಗೆಟ್ಟಿದ್ದೀನಿ ಅಂದಿದ್ದೀರಿ. ಬಲಗೈಯಲ್ಲಿ 11 ದಾಟಿದರೆ ಚರ್ಮದ ಕ್ಯಾನ್ಸರ್ ಅನ್ನುವ ಆ ವಾಟ್ಸಾಪ್ ಮೆಸೇಜ್ ನನಗೂ ಬಂದಿತ್ತು. ಬಟ್ಟೆಯ ತೋಳು ಮಡಚಿ ಎಣಿಸಿದೆ, 12! ಮಾರನೇ ವಾರ ಚರ್ಮದ ಡಾಕ್ಟರ್ ಮುಂದೆ ಕೂತಿದ್ದೆ.

ಲೆಕ್ಕ ಸುಳ್ಳಲ್ಲ. 2015ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಪ್ರಕಟಿಸಿದ ಅಧ್ಯಯನಕ್ಕೆ ಅವಳಿ ಹೆಂಗಸರು 3,594 ಮಂದಿಯ ಮಚ್ಚೆ ಎಣಿಸಿದ್ದರು. ಬಲಗೈಯಲ್ಲಿ 11 ದಾಟಿದ್ದರೆ ಮೈಯೆಲ್ಲಾ ಸೇರಿ 100 ದಾಟಿರುವ ಸಾಧ್ಯತೆ ಜಾಸ್ತಿ, 100 ದಾಟಿದವರಿಗೆ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನ ಅಪಾಯ ಜಾಸ್ತಿ. ಕೈ ಬರೀ ಅಂದಾಜಿಗೆ. ಮೆಸೇಜಿನಲ್ಲಿ ಬಿಟ್ಟುಹೋದ ಮಾತೆಂದರೆ, ಆ ಹೆಂಗಸರೆಲ್ಲ ಬಿಳಿ ಚರ್ಮದವರು. ಮೆಲನೋಮ ನಮ್ಮಂಥ ಕಂದು ಚರ್ಮದವರಲ್ಲಿ ತೀರಾ ಅಪರೂಪ.

ಅಪರೂಪಕ್ಕೆ ಬಂದರೂ ನಮ್ಮಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನ ಅಡಿ. ಅಲ್ಲಿ ಬಿಸಿಲಿನ ಪಾತ್ರ ಇಲ್ಲವೇ ಇಲ್ಲ ಅನ್ನಬಹುದು. ಗಾಯಕ ಬಾಬ್ ಮಾರ್ಲಿಗೆ ಶುರುವಾದದ್ದು ಕಾಲ್ಬೆರಳ ಉಗುರಿನಡಿ. 1981ರಲ್ಲಿ ತೀರಿಕೊಂಡಾಗ 36 ವರ್ಷ. ನನ್ನ ಡಾಕ್ಟರೂ ತೋಳನ್ನು ಒಂದು ನಿಮಿಷ ನೋಡಿ, "ಚಪ್ಪಲಿ ಬಿಚ್ಚಿ" ಅಂದರು. ಅಂಗಾಲಲ್ಲಿ ನನಗೊಂದು ಮಚ್ಚೆಯಿದೆ. ಅದಿದ್ದವರ ಕಾಲು ಒಂದು ಕಡೆ ನಿಲ್ಲಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಡಾಕ್ಟರ್ ಅದಕ್ಕೆ ಲೆನ್ಸ್ ಇಟ್ಟು ನೋಡಿ, ಏನೂ ಇಲ್ಲ, ಬದಲಾದರೆ ಬನ್ನಿ ಅಂದರು.

ಆ "ಬದಲಾದರೆ" ಅನ್ನುವುದೇ ಮುಖ್ಯ. ಎರಡು ಅರ್ಧ ಒಂದೇ ಥರ ಇಲ್ಲದ್ದು, ಅಂಚು ಹರಿದಂತಿರುವುದು, ಒಂದರಲ್ಲೇ ಎರಡು ಮೂರು ಬಣ್ಣ, 6 ಮಿಲಿಮೀಟರ್ ದಾಟಿ ಬೆಳೆಯುತ್ತಿರುವುದು, ಕೆರೆತ, ರಕ್ತ: ಇದರಲ್ಲಿ ಯಾವುದು ಕಂಡರೂ ತೋರಿಸಿ. ಹುಟ್ಟಿದಾಗಿನಿಂದ ಹಾಗೇ ಇರುವ ಹತ್ತಕ್ಕಿಂತ ಈಚೆಗೆ ಎದ್ದ ಒಂದು ಮುಖ್ಯ. ಮಚ್ಚೆಯಿಲ್ಲದ ಜಾಗದಲ್ಲೇ ಹೊಸದಾಗಿ ಹುಟ್ಟುವ ಮೆಲನೋಮಗಳೇ ಹೆಚ್ಚು.

ಸುಣ್ಣ, ಸೋಡಾ ಹಚ್ಚಿ ಸುಡಲು ಮಾತ್ರ ಹೋಗಬೇಡಿ. ನಮ್ಮ ಕಡೆ ನರುಳ್ಳೆಗೆ ಮಾಡುವುದನ್ನೇ ಮಚ್ಚೆಗೂ ಮಾಡುತ್ತಾರೆ. ಸುಟ್ಟುಹೋದರೆ ಬಯಾಪ್ಸಿಗೆ (ತುಣುಕು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆಗೆ) ಕಳಿಸಲು ಏನು ಉಳಿಯುತ್ತೆ?

ಈ ಭಾನುವಾರ ನೇಲ್ ಪಾಲಿಶ್ ಅಳಿಸಿ ಹತ್ತೂ ಕಾಲುಗುರು ನೋಡಿ. ಹಲವು ಉಗುರಲ್ಲಿ ತೆಳು ಕಂದು ಗೆರೆ ಇರುವುದು ನಮ್ಮ ಬಣ್ಣದವರಲ್ಲಿ ಮಾಮೂಲು. ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಕಾಲುಂಗುರದ ಕೆಳಗೆ, ಬೆರಳ ಸಂದಿಯಲ್ಲೂ ನೋಡಿ. ಮದರಂಗಿ ಹಚ್ಚಿದ್ದರೆ ಅದು ಮಾಸಿದ ಮೇಲೆ.